ಓದಿ ಹೇಳಿಸಿಕೊಂಡು ಸಹಿ ಹಾಕಿ: ಓದುಗರ ಕಾನೂನು ಪ್ರಶ್ನೆಗಳು

ಕಾಸರಗೋಡು, ಮಂಜೇಶ್ವರ ಕಡೆಯ ವಿದ್ಯಾರ್ಥಿಗಳಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಠಾಣೆ, ಕೋರ್ಟು ಮತ್ತು ಭಾಷೆಗೆ ಸಂಬಂಧಿಸಿದವು. ಆರನ್ನು ಆರಿಸಿ ಉತ್ತರಿಸಿದ್ದೇವೆ.

ಪೈವಳಿಕೆಯಿಂದ ಪದವಿ ವಿದ್ಯಾರ್ಥಿ: ನಮ್ಮ ಮೂರು ಚೀಲ ಅಡಿಕೆ ಕಳವಾಯಿತು. ಅಪ್ಪ ಠಾಣೆಗೆ ಹೋಗಿ ಬಾಯಲ್ಲೇ ದೂರು ಹೇಳಿದರು. ಅಲ್ಲಿ ಮಲಯಾಳದಲ್ಲಿ ಬರೆದುಕೊಂಡು ಸಹಿ ಹಾಕಿಸಿದರು. ಅಪ್ಪನಿಗೆ ಮಲಯಾಳ ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. ಅದರಲ್ಲಿ ಏನಿದೆಯೋ ನಮಗೆ ಗೊತ್ತಿಲ್ಲ. ಈಗ ಏನು ಮಾಡಬಹುದು?

ಮೊದಲು ಪ್ರತಿ ತರಿಸಿಕೊಳ್ಳಿ. ಪೊಲೀಸರು, ಕೋರ್ಟು ನಡೆಯಬೇಕಾದ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ದೂರು ಕೊಟ್ಟವರಿಗೆ ಎಫ್‌ಐಆರ್‌ನ ಪ್ರತಿಯನ್ನು ಕೂಡಲೇ, ಪುಕ್ಕಟೆಯಾಗಿ ಕೊಡಬೇಕು. ಜೆರಾಕ್ಸ್ ದುಡ್ಡನ್ನೂ ಕೇಳುವ ಹಾಗಿಲ್ಲ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಏರಿಸಬೇಕೆಂದು ಸುಪ್ರೀಂ ಕೋರ್ಟು 2016ರಲ್ಲೇ ಹೇಳಿದೆ. ಕೇರಳ ಪೊಲೀಸರ 'ತುಣ' ಪೋರ್ಟಲಿನಲ್ಲೂ ಒಮ್ಮೆ ಹುಡುಕಿ ನೋಡಿ.

ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ, ನಮ್ಮ ಕಡೆಯವರು ಇದನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡ ಮೇಲೆ, ಹೇಳಿದವರಿಗೆ ಅದನ್ನು ಓದಿ ಹೇಳಬೇಕು. ಸಹಿ ಅದಾದ ಮೇಲೆ. ಬರೆದುಕೊಂಡ ಅಧಿಕಾರಿಗೆ ಕನ್ನಡ ಬಾರದಿದ್ದರೆ ಠಾಣೆಯಲ್ಲಿ ಕನ್ನಡ ಬಲ್ಲ ಸಿಬ್ಬಂದಿಯಿಂದಲೋ ನಿಮ್ಮ ಜತೆ ಬಂದವರಿಂದಲೋ ಓದಿಸಿ, ವಿವರಿಸಿ ಹೇಳಿಸಿಕೊಳ್ಳಬಹುದು. ಹಾಗೆ ಕೇಳುವುದು ಜಗಳ ಕಾಯುವುದಲ್ಲ, ಕಾನೂನು ಹೇಳಿದ್ದನ್ನೇ ನೆನಪಿಸುವುದು.

ಓದಿಸುವಾಗ ಎಲ್ಲಿ ಕಿವಿ ಕೊಡಬೇಕು ಎಂಬುದಕ್ಕೆ ನಿಮ್ಮ ಅಡಿಕೆಯೇ ಒಳ್ಳೆಯ ಉದಾಹರಣೆ. ಅಂಗಳದಲ್ಲಿ ಒಣಹಾಕಿದ್ದು ಹೋದರೆ ಅದು ಅಪರಾಧ ಮತ್ತು ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಸಾಮಾನ್ಯ ಕಳವು. ಶಿಕ್ಷೆ ಹೆಚ್ಚೆಂದರೆ ಮೂರು ವರ್ಷ. ಅದೇ ಚೀಲಗಳು ಮನೆಯೊಳಗಿನಿಂದ ಅಥವಾ ಸಾಮಾನು ಇಡುವ ಕಟ್ಟಡದಿಂದ ಹೋದರೆ 305ನೇ ಕಲಮು. ಏಳು ವರ್ಷದವರೆಗೆ ಶಿಕ್ಷೆ. ಈ ವ್ಯತ್ಯಾಸ ಬರೀ ಶಿಕ್ಷೆಯದ್ದಲ್ಲ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿಯವರ ಅನುಮತಿ ಪಡೆದು 14 ದಿನದ ಪ್ರಾಥಮಿಕ ವಿಚಾರಣೆ ನಡೆಸಲು ನಾಗರಿಕ ಸುರಕ್ಷಾ ಸಂಹಿತೆ ಪೊಲೀಸರಿಗೆ ಅವಕಾಶ ಕೊಟ್ಟಿದೆ. ಏಳು ವರ್ಷದ ಅಪರಾಧಕ್ಕೆ ಆ ಅವಕಾಶ ಇಲ್ಲ, ನೇರ ಎಫ್‌ಐಆರ್ ಆಗಬೇಕು. ಅಂದಮೇಲೆ 'ಮನೆಯ ಹತ್ತಿರದಿಂದ' ಎಂದು ಬರೆದದ್ದಕ್ಕೂ 'ಬೀಗ ಹಾಕಿದ ಕೋಣೆಯಿಂದ' ಎಂದು ಬರೆದದ್ದಕ್ಕೂ ಅಜಗಜಾಂತರ.

ಇನ್ನು ಪ್ರಮಾಣ. 'ಸ್ವಲ್ಪ ಅಡಿಕೆ' ಎಂದಿದ್ದರೆ ನಾಳೆ ವ್ಯಾಪಾರಿಯ ಗೋದಾಮಿನಲ್ಲಿ ಚೀಲ ಸಿಕ್ಕಿದಾಗ ಅದು ನಿಮ್ಮದೇ ಎಂದು ತೋರಿಸುವುದು ಹೇಗೆ? ಹಳೆ ಚಾಲಿಯೋ (ಒಣಗಿಸಿದ ಅಡಿಕೆ) ಹೊಸತೋ, ಎಷ್ಟು ಚೀಲ, ಒಂದೊಂದರಲ್ಲಿ ಎಷ್ಟು ಕಿಲೋ, ಚೀಲದ ಮೇಲೆ ಬಣ್ಣದ ಗುರುತು ಇತ್ತೇ, ಆ ದಿನದ ಬೆಲೆಗೆ ಒಟ್ಟು ಎಷ್ಟಾಗುತ್ತದೆ, ಎಲ್ಲವೂ ಬರಬೇಕು. ಬೆಲೆಗೂ ಕಾನೂನಿನ ಬಲ ಇದೆ: 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಮಾಲನ್ನು ಮೊದಲ ಸಲ ಕದ್ದವನು ಅದನ್ನು ಹಿಂದಿರುಗಿಸಿದರೆ ಈಗ ಸಮುದಾಯ ಸೇವೆಯ ಶಿಕ್ಷೆ ಮಾತ್ರ. ಕೊನೆಯದಾಗಿ ಸಮಯ. ಕಡೆಯ ಸಲ ಚೀಲ ನೋಡಿದ್ದು ಯಾವಾಗ, ಇಲ್ಲ ಎಂದು ಗೊತ್ತಾದದ್ದು ಯಾವಾಗ, ಠಾಣೆಗೆ ಬರಲು ತಡವಾಗಿದ್ದರೆ ಯಾಕೆ. ತಡಕ್ಕೆ ಕಾರಣ ಬರೆಯದ ದೂರನ್ನು ಎದುರು ಪಕ್ಷದ ವಕೀಲರು ಮೊದಲ ಪ್ರಶ್ನೆಯಲ್ಲೇ ಹಿಡಿಯುತ್ತಾರೆ.

ಪ್ರತಿ ಓದಿಸಿದ ಮೇಲೆ ತಪ್ಪು ಕಂಡರೆ ಎಫ್‌ಐಆರನ್ನು ತಿದ್ದಲು ಬರುವುದಿಲ್ಲ. ತನಿಖಾಧಿಕಾರಿಗೆ ಹೆಚ್ಚುವರಿ ಹೇಳಿಕೆಯನ್ನು ಲಿಖಿತವಾಗಿ ಕೊಟ್ಟು ರಶೀದಿ ಪಡೆಯಿರಿ, ಅದು ಕಡತ ಸೇರುತ್ತದೆ. ತಿಂಗಳು ಕಳೆದು ಕೊಟ್ಟರೆ 'ಆಮೇಲೆ ಕಟ್ಟಿದ ಕತೆ' ಅನ್ನಿಸಿಕೊಳ್ಳುತ್ತದೆ. ಮುಂದಕ್ಕೆ ಯಾವ ದೂರಿದ್ದರೂ ಮನೆಯಲ್ಲೇ ಕನ್ನಡದಲ್ಲಿ ಎರಡು ಪ್ರತಿ ಬರೆದುಕೊಂಡು ಹೋಗುವುದು ಲೇಸು. ಸಂವಿಧಾನದ 350ನೇ ವಿಧಿಯ ಪ್ರಕಾರ ದೂರುದುಮ್ಮಾನದ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಕೊಡಬಹುದು.

ಎಫ್‌ಐಆರ್ ಆಗಲೇ ಇಲ್ಲವೆಂದಾದರೆ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ಅಂಚೆಯಲ್ಲಿ ದೂರು ಕಳಿಸಿ, ಅದರಿಂದಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅಫಿಡವಿಟ್ (ಪ್ರಮಾಣ ಮಾಡಿದ ಹೇಳಿಕೆ) ಸಹಿತ ಅರ್ಜಿ. ಈ ಮೆಟ್ಟಿಲು ಹಾರುವ ಹಾಗಿಲ್ಲ: ಮುಖ್ಯಸ್ಥರಿಗೆ ಕಳಿಸಿದ್ದಕ್ಕೆ ಅಂಚೆಯ ರಶೀದಿ ಇಲ್ಲದೆ ಮ್ಯಾಜಿಸ್ಟ್ರೇಟರ ಮುಂದೆ ಹೋದವರು ಬರಿಗೈಯಲ್ಲಿ ವಾಪಸಾಗುತ್ತಾರೆ.

ಕುಂಬಳೆಯಿಂದ ಪ್ಲಸ್ ಟು ವಿದ್ಯಾರ್ಥಿನಿ: ಪೇಪರಿನಲ್ಲಿ ಒಮ್ಮೆ ಐಪಿಸಿ ಎಂದಿರುತ್ತದೆ, ಒಮ್ಮೆ ಬಿಎನ್‌ಎಸ್ ಎಂದಿರುತ್ತದೆ. ಪರೀಕ್ಷೆಗೆ ಯಾವುದನ್ನು ಓದಬೇಕು?

ಅಪರಾಧ ನಡೆದ ತಾರೀಕು ನೋಡಿ. 2024ರ ಜುಲೈ 1ಕ್ಕೆ ಮೊದಲು ನಡೆದದ್ದಕ್ಕೆ ಇಂದಿಗೂ ಐಪಿಸಿಯೇ (ಹಳೆಯ ಭಾರತೀಯ ದಂಡ ಸಂಹಿತೆ) ಅನ್ವಯ, ತೀರ್ಪು ಯಾವಾಗ ಬಂದರೂ ಸರಿ. ಆ ದಿನದಿಂದೀಚೆಗಿನದ್ದಕ್ಕೆ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್. ಹಳೆ ಗೈಡುಗಳಲ್ಲಿ ಓದುವವರಿಗೆ ಒಂದು ಎಚ್ಚರಿಕೆ: ಕೊಲೆ ಈಗ 103, ವಂಚನೆ 318. 302 ಎಂದು ಬರೆದು ಕೊಲೆ ಎಂದರೆ ತಪ್ಪಾಗುತ್ತದೆ, ಹೊಸ ಸಂಹಿತೆಯಲ್ಲಿ ಆ ಸಂಖ್ಯೆ ಧಾರ್ಮಿಕ ಭಾವನೆಗೆ ನೋವಾಗುವ ಮಾತಾಡುವುದಕ್ಕೆ ಹೋಗಿದೆ.

ಬದಿಯಡ್ಕದಿಂದ ಓದುಗರೊಬ್ಬರು: ಮಂಗಳೂರಿನ ಪ್ರಕರಣವೊಂದರಲ್ಲಿ ಕರ್ನಾಟಕದ ಪೊಲೀಸರು ಬಂದು ನಮ್ಮ ನೆರೆಮನೆಯ ಹುಡುಗನನ್ನು ರಾತ್ರಿ ಕರೆದೊಯ್ದರು. ಬೇರೆ ರಾಜ್ಯದ ಪೊಲೀಸರಿಗೆ ಅಧಿಕಾರ ಉಂಟೇ? 24 ಗಂಟೆಯ ಲೆಕ್ಕ ಎಲ್ಲಿಂದ ಶುರು?

ಅಧಿಕಾರ ಉಂಟು. ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧವಾದರೆ ಪೊಲೀಸ್ ಅಧಿಕಾರಿ ಆರೋಪಿಯನ್ನು ಬೆನ್ನಟ್ಟಿ ಭಾರತದ ಯಾವ ಮೂಲೆಗಾದರೂ ಹೋಗಬಹುದು, ತಲಪಾಡಿಯ ಗಡಿ ಅದಕ್ಕೆ ಅಡ್ಡಿಯಲ್ಲ. ಆದರೆ ಕರೆದೊಯ್ಯುವ ಕ್ರಮಕ್ಕೆ ಕಟ್ಟುಪಾಡುಗಳಿವೆ. ಅಧಿಕಾರಿಯ ಹೆಸರು ಕಾಣುವಂತಿರಬೇಕು. ಬಂಧನದ ಸ್ಥಳದಲ್ಲೇ ಮೆಮೊ ಬರೆದು ಮನೆಯವರೋ ಊರಿನ ಗೌರವಸ್ಥರೋ ಒಬ್ಬರಿಂದ ಸಾಕ್ಷಿ ಸಹಿ, ಬಂಧಿತನ ಸಹಿ ಹಾಕಿಸಬೇಕು. ಎಲ್ಲಿಗೆ ಒಯ್ಯುತ್ತಿದ್ದೇವೆ ಎಂಬುದನ್ನು ಮನೆಯವರಿಗೆ ತಿಳಿಸಬೇಕು. ಮೆಮೊದಲ್ಲಿ ಬರೆದ ಸಮಯವನ್ನು ಅಲ್ಲೇ ಗಡಿಯಾರಕ್ಕೆ ಹೋಲಿಸಿ ನೋಡಿ. ರಾತ್ರಿ ಹತ್ತಕ್ಕೆ ಹಿಡಿದು ಮರುದಿನ ಬೆಳಿಗ್ಗೆ ಎಂಟು ಎಂದು ಬರೆದರೆ ಹತ್ತು ಗಂಟೆ ಕಾಣದಂತೆ ಕರಗಿಹೋಗುತ್ತದೆ.

24 ಗಂಟೆ ಶುರುವಾಗುವುದು ಹಿಡಿದ ಕ್ಷಣದಿಂದ, ಠಾಣೆಗೆ ತಲುಪಿದ ಹೊತ್ತಿನಿಂದಲ್ಲ. ಮ್ಯಾಜಿಸ್ಟ್ರೇಟರಲ್ಲಿಗೆ ಪ್ರಯಾಣಕ್ಕೆ ಬೇಕಾದ ಸಮಯವನ್ನು ಮಾತ್ರ ಕಳೆಯಬಹುದು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು. ಹೆದ್ದಾರಿಯ ಕಾಮಗಾರಿ, ಟ್ರಾಫಿಕ್ ಎಲ್ಲ ಸೇರಿಸಿದರೂ ಅರ್ಧ ದಿನ ಕಳೆಯುವ ದಾರಿಯಲ್ಲ. ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ. ತೀರಾ ಅಸಾಧಾರಣ ಸಂದರ್ಭವಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬಂಧಿಸಬೇಕು.

ಬಂಧನದ ಕಾರಣಗಳ ವಿಷಯದಲ್ಲಿ ದೊಡ್ಡ ಬದಲಾವಣೆ ಬಂದದ್ದು 2025ರ ನವೆಂಬರಿನಲ್ಲಿ. ಎಲ್ಲ ಅಪರಾಧಗಳಲ್ಲೂ ಬಂಧನದ ಕಾರಣವನ್ನು ಲಿಖಿತವಾಗಿ, ಅದೂ ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ಆ ಕ್ಷಣಕ್ಕೆ ಬರೆದುಕೊಡಲು ಸಾಧ್ಯವೇ ಆಗದಿದ್ದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲು ಲಿಖಿತವಾಗಿ ಕೈಗೆ ಕೊಡಬೇಕು. ಗಡಿನಾಡಿನವರಿಗೆ ಇಷ್ಟು ಉಪಯೋಗದ ತೀರ್ಪು ಈಚೆಗೆ ಬಂದಿಲ್ಲ ಎಂದೇ ನಮ್ಮ ಅಭಿಪ್ರಾಯ.

ಹುಡುಗನಿಗೆ 18 ತುಂಬಿರದಿದ್ದರೆ ದಾರಿಯೇ ಬೇರೆ. ಲಾಕಪ್ಪಿನಲ್ಲಿ ಇಡುವಂತಿಲ್ಲ, ಬೇಡಿ ಹಾಕುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಎಸ್‌ಎಸ್‌ಎಲ್‌ಸಿ ಪುಸ್ತಕವನ್ನೋ ಜನನ ಪ್ರಮಾಣಪತ್ರವನ್ನೋ ಹಿಡಿದುಕೊಂಡು ಆ ರಾತ್ರಿಯೇ ಹೊರಡಿ. ವಯಸ್ಸು ಎಷ್ಟೆಂದು ಬಾಯಲ್ಲಿ ವಾದಿಸಿ ಪ್ರಯೋಜನ ಇಲ್ಲ.

ಬಂಧನ ಅಲ್ಲ, 'ಸುಮ್ಮನೆ ಬಂದು ಹೋಗು' ಎಂಬ ಕರೆ ಬಂದರೆ? ಸಾಕ್ಷಿಯಾಗಿ ಕರೆಯುವುದಾದರೆ ಲಿಖಿತ ಆದೇಶ ಬೇಕು, ಅದೂ ಆ ಠಾಣೆಯ ಅಥವಾ ಪಕ್ಕದ ಠಾಣೆಯ ಸರಹದ್ದಿನಲ್ಲಿ ಇರುವವರಿಗೆ ಮಾತ್ರ. 15 ವರ್ಷದೊಳಗಿನ ಹುಡುಗರು, 60 ದಾಟಿದ ಗಂಡಸರು, ಯಾವ ವಯಸ್ಸಿನ ಹೆಂಗಸರನ್ನೇ ಆಗಲಿ ಠಾಣೆಗೆ ಕರೆಸುವಂತಿಲ್ಲ, ಮನೆಗೇ ಬಂದು ಕೇಳಬೇಕು.

ಮುಳ್ಳೇರಿಯದಿಂದ ಪ್ಲಸ್ ಟು ವಿದ್ಯಾರ್ಥಿ: ಎಡನೀರು ಸ್ವಾಮೀಜಿಯವರು ಕೇಸು ಗೆದ್ದು ಸಂವಿಧಾನ ಉಳಿಸಿದರು ಎಂದು ಬರೆದೆ. ಟೀಚರ್ ಅರ್ಧ ಅಂಕ ಕಡಿಮೆ ಕೊಟ್ಟರು. ಯಾಕೆ?

ಅರ್ಧವೇ ಕಳೆದದ್ದು ಟೀಚರ ದೊಡ್ಡತನ. ಸ್ವಾಮೀಜಿ ತಮ್ಮ ಕೇಸನ್ನು ಗೆಲ್ಲಲಿಲ್ಲ.

ನಡೆದದ್ದು ಹೀಗೆ. ಚೆರ್ಕಳ–ಕಲ್ಲಡ್ಕ ರಸ್ತೆಯ ಪಕ್ಕದ ಎಡನೀರು ಮಠದ ಭೂಮಿ ಕೇರಳದ ಭೂಸುಧಾರಣಾ ಕಾಯ್ದೆಯ ಬಲೆಗೆ ಬಿತ್ತು. ಮಠಾಧಿಪತಿ ಕೇಶವಾನಂದ ಭಾರತಿಯವರು 1970ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿದರು. ಕೇಸು ನಡೆಯುತ್ತಿದ್ದಾಗಲೇ ಸಂಸತ್ತು ಒಂದರ ಮೇಲೊಂದು ತಿದ್ದುಪಡಿ ತಂದಿತು. ಮೂಲಭೂತ ಹಕ್ಕುಗಳನ್ನೂ ತಿದ್ದಬಹುದು ಎಂದು 24ನೆಯದು ಹೇಳಿತು, ಆಸ್ತಿ ಹಕ್ಕನ್ನು 25ನೆಯದು ಮೊಟಕು ಮಾಡಿತು, ಕೇರಳದ ಭೂಸುಧಾರಣೆಯ ತಿದ್ದುಪಡಿ ಕಾಯ್ದೆಗಳನ್ನು 29ನೆಯದು ಒಂಬತ್ತನೇ ಅನುಸೂಚಿಗೆ ಸೇರಿಸಿ ಕೋರ್ಟಿನ ಕೈಗೆ ಸಿಗದಂತೆ ಮಾಡಿತು. ಹಾಗಾಗಿ ಒಂದು ಮಠದ ಜಾಗದ ತಕರಾರು ಸಂಸತ್ತಿನ ಅಧಿಕಾರಕ್ಕೆ ಮಿತಿ ಉಂಟೇ ಎಂಬ ಪ್ರಶ್ನೆಯಾಗಿ ಬೆಳೆಯಿತು. ಸ್ವಾಮೀಜಿಯ ಪರ ವಾದಿಸಿದವರು ವಕೀಲ ನಾನಿ ಪಾಲ್ಖಿವಾಲಾ. 13 ನ್ಯಾಯಾಧೀಶರ ಪೀಠ, 68 ದಿನ ವಾದ, 1973ರ ಏಪ್ರಿಲ್ 24ರಂದು ತೀರ್ಪು.

ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ. ಬಹುಮತದ ಸಾರ ಎರಡೇ ಸಾಲು. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ, ಮೂಲಭೂತ ಹಕ್ಕುಗಳನ್ನೂ ತಿದ್ದಬಹುದು. ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಮೊದಲ ಸಾಲು, ಮೂಲಭೂತ ಹಕ್ಕುಗಳನ್ನು ತಿದ್ದುವಂತಿಲ್ಲ ಎಂದಿದ್ದ 1967ರ ಗೋಲಕನಾಥ ತೀರ್ಪನ್ನು ತಳ್ಳಿಹಾಕಿತು, ಅಲ್ಲಿ ಸರಕಾರ ಗೆದ್ದಿತು. ಎರಡನೆಯದರಲ್ಲಿ ಪಾಲ್ಖಿವಾಲಾ ವಾದದ ತಿರುಳು ಉಳಿಯಿತು. 29ನೇ ತಿದ್ದುಪಡಿ ಊರ್ಜಿತವಾಯಿತು. ಮಠ ಬಯಸಿದ ಪರಿಹಾರ ಸಿಗಲಿಲ್ಲ.

ಉತ್ತರ ಪತ್ರಿಕೆಗಳಲ್ಲಿ ಕಾಣುವ ಇನ್ನೊಂದು ತಪ್ಪು, ಮೂಲ ಸ್ವರೂಪದ ಪಟ್ಟಿ ಸಂವಿಧಾನದಲ್ಲಿದೆ ಎಂದು ಬರೆಯುವುದು. ಆ ಪದವೇ ಸಂವಿಧಾನದಲ್ಲಿಲ್ಲ. ಯಾವುದು ಮೂಲ ಸ್ವರೂಪ ಎಂಬುದನ್ನು ನ್ಯಾಯಾಲಯ ಕೇಸಿನಿಂದ ಕೇಸಿಗೆ ಹೇಳುತ್ತ ಬಂದಿದೆ: 1975ರಲ್ಲಿ ಇಂದಿರಾ ಗಾಂಧಿ ಚುನಾವಣಾ ಪ್ರಕರಣದಲ್ಲಿ, 1980ರಲ್ಲಿ ಮಿನರ್ವಾ ಮಿಲ್ಸ್‌ನಲ್ಲಿ, 2015ರಲ್ಲಿ ನ್ಯಾಯಾಧೀಶರ ನೇಮಕಾತಿ ಆಯೋಗವನ್ನು ರದ್ದುಪಡಿಸಿದಾಗ. ಅರ್ಜಿದಾರ ಸೋತರೂ ತತ್ವ ಗೆಲ್ಲಬಹುದು ಎಂದು ಒಂದು ವಾಕ್ಯ ಸೇರಿಸಿದರೆ ಮುಂದಿನ ಸಲ ಪೂರ್ತಿ ಅಂಕ ಬಂದೀತು.

ಉಪ್ಪಳದಿಂದ ಇಂಜಿನಿಯರಿಂಗ್ ವಿದ್ಯಾರ್ಥಿಯ ತಾಯಿ: ಮಗ ಮಂಗಳೂರಿನ ಹಾಸ್ಟೆಲಿನಲ್ಲಿದ್ದಾನೆ. ಸೀನಿಯರ್‌ಗಳ ಕಾಟ ತಡೆಯಲಾಗದೆ ಮನೆಗೆ ಬಂದಿದ್ದಾನೆ. ಇಲ್ಲಿಯ ಠಾಣೆಯಲ್ಲಿ ದೂರು ಕೊಡಬಹುದೇ?

ಕೊಡಬಹುದು. ಯಾವ ಠಾಣೆಯ ಸರಹದ್ದಿನಲ್ಲಿ ನಡೆಯಿತು ಎಂದು ನೋಡದೆ ಮಾಹಿತಿ ದಾಖಲಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ಮಂಜೇಶ್ವರದಲ್ಲಿ ಸೊನ್ನೆ ನಂಬರಿನ ಎಫ್‌ಐಆರ್ ಆಗಿ ಮಂಗಳೂರಿನ ಠಾಣೆಗೆ ಹೋಗುತ್ತದೆ, ತನಿಖೆ ಅಲ್ಲೇ. ಅನ್ವಯವಾಗುವುದು ಕೃತ್ಯ ನಡೆದ ನೆಲದ ಕಾನೂನು. ಕೇರಳದ ಕಾಲೇಜುಗಳಿಗಾದರೆ ರಾಗಿಂಗಿಗೆಂದೇ 1998ರ ಪ್ರತ್ಯೇಕ ಕಾಯ್ದೆ ಇದೆ. ಎರಡು ವರ್ಷದವರೆಗೆ ಸಜೆ, 10,000 ರೂಪಾಯಿವರೆಗೆ ದಂಡ, ಶಿಕ್ಷೆಯಾದವನಿಗೆ ಮೂರು ವರ್ಷ ಬೇರೆ ಕಾಲೇಜಿನಲ್ಲೂ ಸೀಟಿಲ್ಲ. ಅದು ಮಂಗಳೂರಿಗೆ ಅನ್ವಯಿಸುವುದಿಲ್ಲ, ಅಲ್ಲಿ ಕರ್ನಾಟಕ ಶಿಕ್ಷಣ ಕಾಯ್ದೆ ಮತ್ತು ನ್ಯಾಯ ಸಂಹಿತೆ.

ಠಾಣೆಗಿಂತ ಮೊದಲು ಅಥವಾ ಜತೆಯಲ್ಲೇ ಕಾಲೇಜಿನ ಪ್ರಾಂಶುಪಾಲರಿಗೆ ಇಮೇಲ್ ಮಾಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮಾವಳಿಯಂತೆ ಅಪರಾಧ ನಡೆದ ಮಾಹಿತಿ ಸಿಕ್ಕ 24 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಪೊಲೀಸರಿಗೆ ತಿಳಿಸಬೇಕು. ಫೋನ್ ಮಾಡಿದರೆ ಆ 24 ಗಂಟೆ ಯಾವಾಗ ಶುರುವಾಯಿತು ಎಂದು ತೋರಿಸಲು ದಾಖಲೆ ಇರುವುದಿಲ್ಲ. ರಾಗಿಂಗ್ ವಿರುದ್ಧದ ರಾಷ್ಟ್ರೀಯ ಸಹಾಯವಾಣಿ 1800-180-5522. ಮಗನ ಮೊಬೈಲಿನಲ್ಲಿರುವ ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ಸಾಕೆಂದು ಫೋನ್ ಬದಲಾಯಿಸಲೂ ಬೇಡಿ. ಮೈಮೇಲೆ ಗಾಯವಿದ್ದರೆ ಇಂದೇ ಸರಕಾರಿ ಆಸ್ಪತ್ರೆಗೆ ಹೋಗಿ, ಹೇಗಾಯಿತೆಂದು ಡಾಕ್ಟರರಿಗೆ ಇದ್ದದ್ದನ್ನು ಇದ್ದಂತೆ ಹೇಳಿ. ನಾಚಿಕೆಗೆ 'ಜಾರಿಬಿದ್ದೆ' ಎಂದು ಬರೆಸಿದರೆ ಆ ಒಂದು ಮಾತು ಕೇಸಿನ ಕೊನೆಯವರೆಗೂ ಎದುರು ನಿಲ್ಲುತ್ತದೆ.

ಪೆರ್ಲದಿಂದ ಬಿ.ಎ. ವಿದ್ಯಾರ್ಥಿನಿ: ನನ್ನ ಅಮ್ಮ ಒಂದು ಕೇಸಿನಲ್ಲಿ ಸಾಕ್ಷಿ, ಚಿಕ್ಕಪ್ಪ ಇನ್ನೊಂದರಲ್ಲಿ ಆರೋಪಿ. ಇಬ್ಬರಿಗೂ ಕನ್ನಡ, ತುಳು ಬಿಟ್ಟು ಬೇರೆ ಬಾರದು. ಕೋರ್ಟಿನಲ್ಲಿ ಹೇಗೆ? ವಕೀಲರನ್ನು ಇಡುವ ಶಕ್ತಿಯೂ ಇಲ್ಲ.

ಅಮ್ಮನ ವಿಷಯ ಮೊದಲು. ಪೊಲೀಸರು ತನಿಖೆಯ ಹೊತ್ತಿಗೆ ಬರೆದುಕೊಂಡ ಸಾಕ್ಷಿ ಹೇಳಿಕೆಗೆ ಸಹಿ ಹಾಕುವ ಅಗತ್ಯವಿಲ್ಲ, ಕಾನೂನೇ ಬೇಡ ಎನ್ನುತ್ತದೆ. ಹಾಕು ಎಂದರೆ ನಾಗರಿಕ ಸುರಕ್ಷಾ ಸಂಹಿತೆಯ 181ನೇ ಕಲಮು ನೆನಪಿಸಿ. ಕೋರ್ಟಿನಲ್ಲಿ ಅವರು ಕನ್ನಡದಲ್ಲೇ ಸಾಕ್ಷ್ಯ ನುಡಿಯಬಹುದು. ಸಾಧ್ಯವಾದರೆ ಅದೇ ಭಾಷೆಯಲ್ಲಿ ದಾಖಲು, ಇಲ್ಲವಾದರೆ ಹೇಳುತ್ತಿದ್ದಂತೆಯೇ ಭಾಷಾಂತರ. ಮುಗಿದ ಮೇಲೆ ಬರೆದದ್ದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಬೇಕು. ನಮ್ಮ ಹೆಂಗಸರು ಕೋರ್ಟಿನ ಗದ್ದಲಕ್ಕೆ ಹೆದರಿ ಇಲ್ಲೇ 'ಆಯ್ತು ಆಯ್ತು' ಎಂದುಬಿಡುತ್ತಾರೆ. ತಪ್ಪಾಗಿ ಬರೆದಿದ್ದರೆ ಅದೇ ಹೊತ್ತಿಗೆ 'ನಾನು ಹಾಗೆ ಹೇಳಲಿಲ್ಲ' ಎನ್ನಬೇಕು. ನ್ಯಾಯಾಧೀಶರು ತಿದ್ದುತ್ತಾರೆ, ತಿದ್ದಲು ಒಪ್ಪದಿದ್ದರೆ ಆಕ್ಷೇಪವನ್ನಾದರೂ ಬರೆದಿಡುತ್ತಾರೆ.

ಚಿಕ್ಕಪ್ಪನಿಗೆ ಅರ್ಥವಾಗದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ತೆರೆದ ಕೋರ್ಟಿನಲ್ಲೇ ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಆರೋಪಪಟ್ಟಿ ಮತ್ತು ದಾಖಲೆಗಳ ಪ್ರತಿ ಅವರು ಹಾಜರಾದ 14 ದಿನದೊಳಗೆ ಪುಕ್ಕಟೆ ಸಿಗಬೇಕು. ಆದರೆ ಆರೋಪಪಟ್ಟಿ ಮಲಯಾಳದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದು ಬಿದ್ದುಹೋಗುವುದಿಲ್ಲ, 2023ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ಭಾಷಾಂತರ ಬೇಕಾದರೆ ಕೇಳಿಕೊಳ್ಳಬೇಕು, ಅದೂ ಆರಂಭದಲ್ಲೇ. ವಿಚಾರಣೆ ಅರ್ಧ ಮುಗಿದ ಮೇಲೆ ಎತ್ತಿದ ತಕರಾರಿಗೆ ಬೆಲೆ ಕಡಿಮೆ. ವಕೀಲರಿಗೆ ಮಲಯಾಳ ಚೆನ್ನಾಗಿ ಬಂದು, ಕಕ್ಷಿಗಾರನಿಗೆ ವಿವರಿಸಬಲ್ಲರಾದರೆ ಭಾಷಾಂತರ ಕೊಡದೆಯೂ ಇರಬಹುದು.

ವಕೀಲರ ಖರ್ಚಿಗೆ 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ವರ್ಗದವರು, ಅಂಗವಿಕಲರು, ಬಂಧನದಲ್ಲಿರುವವರು ಇವರಿಗೆ ಆದಾಯದ ಮಿತಿ ಇಲ್ಲ. ಉಳಿದವರಿಗೆ ರಾಜ್ಯ ಸರಕಾರ ನಿಗದಿಪಡಿಸಿದ ಮಿತಿ. ಚಿಕ್ಕಪ್ಪ ಜಾಮೀನಿನ ಮೇಲೆ ಹೊರಗಿದ್ದರೆ ಆದಾಯ ಪ್ರಮಾಣಪತ್ರಕ್ಕೆ ಮೊದಲು ವಿಲ್ಲೇಜ್ ಆಫೀಸಿಗೆ ಹೋಗಬೇಕಾದೀತು. ಅರ್ಜಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ತಾಲೂಕು ಸಮಿತಿಗೋ ಕೊಡಬಹುದು, 15100ಕ್ಕೆ ಫೋನ್ ಮಾಡಿಯೂ ವಿಚಾರಿಸಬಹುದು. ಅರ್ಜಿಯಲ್ಲಿ ಕೇಸಿನ ನಂಬರು, ಕೋರ್ಟಿನ ಹೆಸರು, ಮುಂದಿನ ವಾಯಿದೆಯ ತಾರೀಕು ಬರೆಯಿರಿ. ಜತೆಗೆ 'ಕನ್ನಡ ಬಲ್ಲ ವಕೀಲರನ್ನು ನೇಮಿಸಿಕೊಡಿ' ಎಂಬ ಸಾಲನ್ನು ಬಿಡದೆ ಸೇರಿಸಿ. ಕೇಳದಿದ್ದರೆ ಪಟ್ಟಿಯಲ್ಲಿ ಮುಂದಿನ ಹೆಸರು ಯಾರದೋ ಅವರೇ ಬರುತ್ತಾರೆ.